ಬಾಗಿಲು ಕಾಯುವವಳೇ ಕಾನೂನು ಕಲಿಸಲಿ

ಗಂಡನ ಮನೆಯಲ್ಲಿ ಏಟು ತಿಂದ ಹೆಣ್ಣುಮಗಳು ಮೊದಲು ಯಾರ ಮುಖ ನೋಡುತ್ತಾಳೆ? ನ್ಯಾಯಾಧೀಶರದ್ದಲ್ಲ, ವಕೀಲರದ್ದೂ ಅಲ್ಲ. ಸರ್ಕಾರಿ ಆಸ್ಪತ್ರೆಗೆ ಹೋದರೆ ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವಳ ಮುಖ. ಠಾಣೆಗೆ ಹೋದರೆ ಮಹಿಳಾ ಪೇದೆಯ ಮುಖ. ರಾತ್ರೋರಾತ್ರಿ ಕೂಸನ್ನು ಕಂಕುಳಲ್ಲಿ ಇಟ್ಟುಕೊಂಡು ತವರಿಗೆ ಹೊರಟು ಹೊಸಪೇಟೆ ಬಸ್ ನಿಲ್ದಾಣದಲ್ಲಿ ಕೂತರೆ ಅಲ್ಲಿ ಗಸ್ತು ತಿರುಗುವ ಹೋಮ್‌ಗಾರ್ಡ್ ಅಕ್ಕನ ಮುಖ. ಆ ಒಂದು ಗಳಿಗೆಯಲ್ಲಿ ಆ ಅಕ್ಕ ಆಡುವ ಮಾತಿನ ಮೇಲೆ ಈಕೆಯ ಮುಂದಿನ ಬದುಕು ನಿಂತಿರುತ್ತದೆ. "ಗಂಡ ಅಂದಮ್ಯಾಲೆ ಒಂದೇಟು ಹೊಡೀತಾನವ್ವ, ಹೊಂದ್ಕಂಡು ಹೋಗು" ಅಂದರೆ ಒಂದು ದಾರಿ. "ಕುಂದ್ರವ್ವ, ನೀರು ಕುಡಿ. ನಿನಗೆ ಕಾನೂನು ಐತಿ, ಏನೇನು ಐತಿ ಅಂತ ಹೇಳ್ತೀನಿ" ಅಂದರೆ ಬೇರೆಯೇ ದಾರಿ.

ಇಷ್ಟು ಮುಖ್ಯವಾದ ಜಾಗದಲ್ಲಿ ನಿಂತ ಹೆಂಗಸಿಗೆ ನಾವು ಏನು ಕಲಿಸಿದ್ದೇವೆ? ಗೇಟು ತೆಗೆಯುವುದು, ಹಾಕುವುದು, ರಿಜಿಸ್ಟರಿನಲ್ಲಿ ಹೆಸರು ಬರೆಸುವುದು, ಸಾಹೇಬರು ಬಂದರೆ ಸಲ್ಯೂಟ್ ಹೊಡೆಯುವುದು. ಖಾಸಗಿ ಭದ್ರತಾ ಸಂಸ್ಥೆಗಳ ಬಗ್ಗೆ 2005ರಲ್ಲಿ ಕಾನೂನು ಬಂತು. ಅದರ ಕೆಳಗೆ ಕೇಂದ್ರ ಸರ್ಕಾರ ಮಾಡಿದ ಮಾದರಿ ನಿಯಮಗಳಲ್ಲಿ ಗಾರ್ಡುಗಳ ತರಬೇತಿಗೆ ದಂಡ ಸಂಹಿತೆಯ ಪ್ರಾಥಮಿಕ ತಿಳಿವಳಿಕೆ, ಠಾಣೆಯಲ್ಲಿ ಎಫ್‌ಐಆರ್ ಕೊಡುವ ಕ್ರಮ ಇವೂ ಸೇರಿವೆ. ಅಂದರೆ ಬಾಗಿಲು ಕಾಯುವವರಿಗೆ ಕಾನೂನು ಗೊತ್ತಿರಬೇಕು ಎಂದು ಸರ್ಕಾರವೇ ಒಪ್ಪಿದೆ. ನಮ್ಮ ಊರುಗಳಲ್ಲಿ ಸಂಘದ ಎಷ್ಟೋ ಅಕ್ಕತಂಗಿಯರು ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ, ಹಾಸ್ಟೆಲಿನಲ್ಲಿ, ಸಂಡೂರಿನ ಗಣಿ ಕಂಪನಿಗಳ ಗೇಟಿನಲ್ಲಿ, ಹಂಪಿಯ ಸ್ಮಾರಕಗಳ ಹತ್ತಿರ ಈ ಕೆಲಸ ಮಾಡುತ್ತಿದ್ದಾರೆ. ನಿಮ್ಮ ತರಬೇತಿಯಲ್ಲಿ ಇದನ್ನು ಹೇಳಿಕೊಟ್ಟರೇ ಎಂದು ಅವರನ್ನೇ ಕೇಳಿ ನೋಡಿ.

ನಮ್ಮ ಅಭಿಪ್ರಾಯ ಇಷ್ಟೇ. ಕಾವಲು ಕೆಲಸದಲ್ಲಿರುವ ಹೆಂಗಸರು ಕಾನೂನು ಓದಬೇಕು. ಓದಿದವರು ಕಲಿಸಬೇಕು. ಅವರು ಓದುವುದಕ್ಕೂ ಕಲಿಸುವುದಕ್ಕೂ ನಮ್ಮ ಸಂಘಗಳು ಬೆನ್ನಿಗೆ ನಿಲ್ಲಬೇಕು. ಇದೇನು ಆಗದ ಮಾತಲ್ಲ, ಆಗಿರುವ ಮಾತು.

ಆಗಿರುವ ಮಾತು

ಎಲ್ಲರಿಗೂ ಹೆಸರು ಗೊತ್ತಿರುವವರಿಂದಲೇ ಶುರು ಮಾಡೋಣ. ಕಿರಣ್ ಬೇಡಿ 1970ರಿಂದ 1972ರವರೆಗೆ ಅಮೃತಸರದ ಮಹಿಳಾ ಕಾಲೇಜೊಂದರಲ್ಲಿ ಪಾಠ ಹೇಳುತ್ತಿದ್ದವರು. 1972ರಲ್ಲಿ ಪೊಲೀಸ್ ಸೇವೆಗೆ ಸೇರಿ ದೇಶದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ ಆದರು. ಅಲ್ಲಿಗೆ ಅವರ ಓದು ನಿಲ್ಲಲಿಲ್ಲ. ಖಾಕಿ ಹಾಕಿಕೊಂಡೇ 1988ರಲ್ಲಿ ದೆಹಲಿ ವಿಶ್ವವಿದ್ಯಾಲಯದಿಂದ ಕಾನೂನು ಪದವಿ ಪಡೆದರು. 1993ರಲ್ಲಿ ದೆಹಲಿಯ ಐಐಟಿಯಿಂದ ಡಾಕ್ಟರೇಟ್ ಪಡೆದರು. ಆ ಸಂಶೋಧನೆಯ ವಿಷಯ ಯಾವುದು ಗೊತ್ತೇ? ಮಾದಕ ವಸ್ತುಗಳ ಚಟ ಮತ್ತು ಕೌಟುಂಬಿಕ ದೌರ್ಜನ್ಯ. ಉತ್ತರ ದೆಹಲಿಯಲ್ಲಿ ಕೆಲಸ ಮಾಡುವಾಗ ಚಟಕ್ಕೆ ಬಿದ್ದ ಗಂಡಸರನ್ನೂ ಅವರ ಮನೆಯ ಹೆಂಗಸರನ್ನೂ ಕಣ್ಣಾರೆ ಕಂಡಿದ್ದರು. ಗ್ರಂಥಾಲಯದಲ್ಲಿ ಕೂತು ಈ ವಿಷಯ ಹುಡುಕಬೇಕಾದ ಗರಜು ಅವರಿಗೆ ಇರಲಿಲ್ಲ.

ಆಮೇಲೆ ಅವರು ರಾಜಕೀಯಕ್ಕೆ ಬಂದರು, 2016ರಿಂದ 2021ರವರೆಗೆ ಪುದುಚೇರಿಯ ಉಪರಾಜ್ಯಪಾಲರಾಗಿದ್ದರು. ಆ ರಾಜಕೀಯದ ಬಗ್ಗೆ ನಮ್ಮೊಳಗೆ ಒಬ್ಬೊಬ್ಬರಿಗೆ ಒಂದೊಂದು ಅಭಿಪ್ರಾಯ ಇರಬಹುದು, ಇರಲಿ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಅವರು ಕಾನೂನು ಪದವಿ ಪಡೆದ ಅದೇ 1988ರಲ್ಲಿ, ದೆಹಲಿಯ ತೀಸ್ ಹಜಾರಿ ನ್ಯಾಯಾಲಯದ ಆವರಣದಲ್ಲಿ ಅವರ ಕೈಕೆಳಗಿನ ಪೊಲೀಸರು ವಕೀಲರ ಮೇಲೆ ಲಾಠಿ ಬೀಸಿದರು. ಅದು ದೊಡ್ಡ ರಂಪವಾಗಿ ನ್ಯಾಯಮೂರ್ತಿ ವಾಧ್ವಾ ಅವರ ವಿಚಾರಣಾ ಸಮಿತಿ ಕೂರಬೇಕಾಯಿತು. ಅಂದರೆ ಖಾಕಿಗೆ ಒಂದು ಪದವಿ ಅಂಟಿಸಿಬಿಟ್ಟರೆ ಲಾಠಿ ತಾನಾಗಿ ಕೆಳಗೆ ಇಳಿಯುವುದಿಲ್ಲ. ಕಾನೂನು ಓದಿದವರು ಯಾರ ಪರವಾಗಿ ಓದಿದರು, ಓದಿದ್ದನ್ನು ಯಾರಿಗೆ ಕಲಿಸಿದರು ಎಂಬ ಪ್ರಶ್ನೆಯನ್ನು ನಾವು ಕೇಳುತ್ತಲೇ ಇರಬೇಕು.

ಈ ಪ್ರಶ್ನೆಗೆ ಬೇರೊಂದು ಕಡೆಯಿಂದ ಉತ್ತರ ಕೊಟ್ಟವರು ಫ್ಲೇವಿಯಾ ಆಗ್ನೆಸ್. ಅವರು ಬೆಳೆದದ್ದು ನಮ್ಮ ಮಂಗಳೂರಿನ ಕದ್ರಿಯಲ್ಲಿ. ಅವರಿಗೆ ಖಾಕಿಯೂ ಇರಲಿಲ್ಲ, ಪದವಿಯೂ ಇರಲಿಲ್ಲ. ಮದುವೆಯಾಗಿ ಮುಂಬಯಿಯಲ್ಲಿ ವರ್ಷಗಟ್ಟಲೆ ಗಂಡನ ಹೊಡೆತ ತಿಂದವರು. 1980ರ ಸುಮಾರಿಗೆ ಅಲ್ಲಿನ ಮಹಿಳಾ ಚಳವಳಿಗೆ ಬಂದರು. ತಮ್ಮ ಕಥೆಯನ್ನು ತಾವೇ 1984ರಲ್ಲಿ ಪುಸ್ತಕ ಮಾಡಿದರು. ಮಕ್ಕಳ ತಾಯಿಯಾಗಿ, ವಯಸ್ಸಾದ ಮೇಲೆ ಕಾಲೇಜಿನ ಬೆಂಚಿನಲ್ಲಿ ಕೂತು 1988ರಲ್ಲಿ ಕಾನೂನು ಪದವಿ, 1992ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. 1997ರಲ್ಲಿ ನಮ್ಮ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಿಂದ ಎಂಫಿಲ್ ಪಡೆದರು. ಮುಂಬಯಿಯಲ್ಲಿ ಮಜ್ಲಿಸ್ ಎಂಬ ಸಂಸ್ಥೆ ಕಟ್ಟಿ ಸಾವಿರಾರು ಹೆಂಗಸರಿಗೆ ಕೋರ್ಟಿನ ಬಾಗಿಲು ತೋರಿಸಿದರು. ಅವರ ಕೌಟುಂಬಿಕ ಕಾನೂನಿನ ಪುಸ್ತಕಗಳನ್ನು ಇವತ್ತು ಕಾನೂನು ವಿದ್ಯಾರ್ಥಿಗಳು ಓದುತ್ತಾರೆ. ಒಂದು ಕಾಲಕ್ಕೆ ಕೋರ್ಟಿನ ಮೆಟ್ಟಿಲು ಹತ್ತಲು ಹೆದರುತ್ತಿದ್ದ ಹೆಂಗಸು, ಕೋರ್ಟಿಗೆ ಹೋಗುವ ವಕೀಲರಿಗೆ ಪಾಠ ಬರೆದುಕೊಟ್ಟರು. 1980ರ ದಶಕದಲ್ಲಿ ಹೆಂಗಸರಿಗಾಗಿ ಕಾನೂನುಗಳ ಮೇಲೆ ಕಾನೂನು ಬಂದವು. ಬರೀ ಕಾನೂನು ಮಾಡಿದರೆ ಸಾಕೆ, ಅದು ನಡೆಯುತ್ತಿದೆಯೇ ಎಂದು 1992ರಲ್ಲೇ ಲೇಖನ ಬರೆದು ಕೇಳಿದವರೂ ಅವರೇ.

ಇನ್ನು ನಮ್ಮ ನೆಲದ ಮಾತು. ನ್ಯಾಯಮೂರ್ತಿ ಮಂಜುಳಾ ಚೆಲ್ಲೂರ್ 1978ರಲ್ಲಿ ಬಳ್ಳಾರಿಯಲ್ಲಿ ವಕೀಲಿ ಶುರು ಮಾಡಿದಾಗ ಅಲ್ಲಿ ಅವರೇ ಮೊದಲ ಮಹಿಳಾ ವಕೀಲರು. ಕರಿ ಕೋಟಿನ ಗಂಡಸರ ನಡುವೆ ಒಬ್ಬಳೇ ಹೆಣ್ಣುಮಗಳು. 1988ರಲ್ಲಿ ಜಿಲ್ಲಾ ನ್ಯಾಯಾಧೀಶರಾದರು, 2000ದಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋದರು. ಮುಂದೆ ಕೇರಳ, ಕಲ್ಕತ್ತ, ಬೊಂಬಾಯಿ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಯಾಗಿ 2017ರಲ್ಲಿ ನಿವೃತ್ತರಾದರು. ಖಾಕಿಯ ಕಡೆಯೂ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. 2017ರಲ್ಲಿ ನೀಲಮಣಿ ಎನ್. ರಾಜು ಕರ್ನಾಟಕ ಪೊಲೀಸ್ ಇಲಾಖೆಯ ಮೊದಲ ಮಹಿಳಾ ಮುಖ್ಯಸ್ಥೆಯಾದರು.

ಮೇಲಿನ ಮೆಟ್ಟಿಲಿನಲ್ಲಿ ಹೆಂಗಸರು ಕೂತದ್ದಾಯಿತು. ಕೆಳಗಿನ ಮೆಟ್ಟಿಲಿನಲ್ಲಿ, ಬಾಗಿಲಲ್ಲಿ ನಿಂತವಳ ಗತಿ ಏನು?

ಹೇಳುವುದು ಉಪಕಾರವಲ್ಲ, ಕರ್ತವ್ಯ

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣೆ ಕಾಯ್ದೆ 2005ರಲ್ಲಿ ಆಯಿತು, 2006ರ ಅಕ್ಟೋಬರ್ 26ರಿಂದ ಜಾರಿಗೆ ಬಂತು. ಅದರ 5ನೇ ಕಲಂ ಅನ್ನು ಸಂಘದ ಪ್ರತಿ ಅಕ್ಕನೂ ಬಾಯಿಪಾಠ ಮಾಡಬೇಕು. ದೌರ್ಜನ್ಯದ ದೂರು ಕಿವಿಗೆ ಬಿದ್ದ ಪೊಲೀಸ್ ಅಧಿಕಾರಿ ನೊಂದ ಹೆಣ್ಣಿಗೆ ಐದು ಮಾತು ತಿಳಿಸಲೇಬೇಕು ಎಂದು ಅದು ಹೇಳುತ್ತದೆ. ಒಂದು, ಮ್ಯಾಜಿಸ್ಟ್ರೇಟರಿಂದ ರಕ್ಷಣೆಯ ಆದೇಶ, ಮನೆಯಲ್ಲಿ ಇರುವ ಆದೇಶ, ಹಣದ ಪರಿಹಾರ, ಮಕ್ಕಳನ್ನು ಇಟ್ಟುಕೊಳ್ಳುವ ಆದೇಶ ಕೇಳಬಹುದು. ಎರಡು, ನೆರವು ನೀಡುವ ಸಂಸ್ಥೆಗಳಿವೆ. ಮೂರು, ಸಂರಕ್ಷಣಾಧಿಕಾರಿ ಇದ್ದಾರೆ. ನಾಲ್ಕು, ವಕೀಲರ ನೆರವು ಪುಕ್ಕಟೆ ಸಿಗುತ್ತದೆ. ಐದು, ಕ್ರೌರ್ಯದ ಮೇಲೆ ಕ್ರಿಮಿನಲ್ ದೂರನ್ನೂ ಕೊಡಬಹುದು. ಈ ಐದನೆಯದು ಹಳೆಯ ದಂಡ ಸಂಹಿತೆಯ 498ಎ. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 85 ಮತ್ತು 86ನೇ ಕಲಂ ಆಗಿದೆ.

ನೋಡಿ ಅಕ್ಕಂದಿರೇ, ಕಾನೂನೇ ಇಲ್ಲಿ ಪೊಲೀಸರ ಕೈಗೆ ಬಳಪ ಕೊಟ್ಟಿದೆ. ಠಾಣೆಯ ಪೊಲೀಸು ಈ ಹೊತ್ತಿನಲ್ಲಿ ಲಾಠಿ ಹಿಡಿದವರು ಮಾತ್ರ ಅಲ್ಲ, ಪಾಠ ಹೇಳುವ ಟೀಚರ್ ಕೂಡ. ತಾನೇ ಕಲಿಯದ ಟೀಚರ್ ಏನು ಕಲಿಸಿಯಾಳು? ಅದಕ್ಕೇ ಅದೇ ಕಾಯ್ದೆಯ 11ನೇ ಕಲಂ, ಪೊಲೀಸರಿಗೂ ನ್ಯಾಯಾಂಗದವರಿಗೂ ಈ ಕಾನೂನಿನ ಬಗ್ಗೆ ಆಗಾಗ ತರಬೇತಿ ಕೊಡುವ ಹೊಣೆಯನ್ನು ಸರ್ಕಾರದ ಮೇಲೆ ಹಾಕಿದೆ. ನಾವು ಕೇಳುತ್ತಿರುವುದು ಹೊಸದೇನೂ ಅಲ್ಲ. ಬರೆದದ್ದನ್ನು ಮಾಡಿ ಎನ್ನುತ್ತಿದ್ದೇವೆ.

ಗೊತ್ತಿದ್ದರೆ ಏನಾಗುತ್ತದೆ, ಗೊತ್ತಿಲ್ಲದಿದ್ದರೆ ಏನಾಗುತ್ತದೆ

ಕಂಪ್ಲಿಯ ಒಬ್ಬ ಹೆಣ್ಣುಮಗಳನ್ನು ಹೊಳೆಯಾಚೆ ಗಂಗಾವತಿ ಕಡೆ ಕೊಟ್ಟಿದ್ದಾರೆ ಎಂದಿಟ್ಟುಕೊಳ್ಳಿ. ಬೈಕು ಕೊಡಲಿಲ್ಲ, ಬಂಗಾರ ಕಡಿಮೆ ಆಯಿತು ಎಂದು ಹೊಡೆದು ಹೊರಗೆ ಹಾಕಿದರು. ತವರಿಗೆ ಬಂದಳು. ಅಪ್ಪ ಮಗಳನ್ನು ಕರೆದುಕೊಂಡು ಊರ ಠಾಣೆಗೆ ಹೋದರೆ, "ಇದು ನಮ್ಮ ಹದ್ದಿಗೆ ಬರಲ್ಲ, ಹೊಳೆ ದಾಟಿ ಹೋಗ್ರಿ" ಎಂಬ ಮಾತು. ಹೊಳೆಯಾಚೆ ಹೋದರೆ ಅಲ್ಲಿ ಗಂಡನ ಕಡೆಯವರ ದಂಡು. ಮಗಳು ಸುಮ್ಮನಾಗುತ್ತಾಳೆ.

ಕಾನೂನು ಗೊತ್ತಿರುವ ಪೇದೆ ಅಲ್ಲಿದ್ದರೆ? ಗಂಡನ ಮನೆಯಿಂದ ಹೊರದಬ್ಬಿಸಿಕೊಂಡ ಹೆಂಡತಿ ತಾನು ಆಸರೆ ಪಡೆದ ಊರಿನಲ್ಲೇ ಕ್ರೌರ್ಯದ ದೂರು ಕೊಡಬಹುದು ಎಂದು ಸುಪ್ರೀಂ ಕೋರ್ಟು 2019ರಲ್ಲಿ ರೂಪಾಲಿ ದೇವಿ ಪ್ರಕರಣದಲ್ಲಿ ಹೇಳಿದೆ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಹದ್ದು ಯಾವುದೇ ಆಗಿರಲಿ, ದೂರು ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಬೇಕು. ಗಂಡ ಹೆಂಡಿರ ಜಗಳದಲ್ಲಿ ಪ್ರಾಥಮಿಕ ವಿಚಾರಣೆ ಮಾಡಲು ಅವಕಾಶ ಇದೆ ನಿಜ. ಆದರೆ ಹೊಸ ಸಂಹಿತೆಯಲ್ಲಿ ಅದಕ್ಕೆ ಡಿವೈಎಸ್‌ಪಿ ಅನುಮತಿ ಬೇಕು, 14 ದಿನದ ಗಡುವೂ ಇದೆ. ತಿಂಗಳುಗಟ್ಟಲೆ "ನಾಳೆ ಬಾ, ನಾಡಿದ್ದು ಬಾ" ಎನ್ನುವುದಕ್ಕೆ ವಿಚಾರಣೆ ಎಂಬ ಹೆಸರಿಲ್ಲ. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ದೂರನ್ನು ಅಂಚೆಯಲ್ಲಿ ಎಸ್‌ಪಿ ಸಾಹೇಬರಿಗೆ ಕಳಿಸಬಹುದು. ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಹತ್ತಿರ ಹೋಗಬಹುದು. ಕೌಟುಂಬಿಕ ದೌರ್ಜನ್ಯದ ಅರ್ಜಿಯನ್ನೂ ಹೆಣ್ಣುಮಗಳು ತಾತ್ಕಾಲಿಕವಾಗಿ ಇರುವ ಊರಿನ ಕೋರ್ಟಿನಲ್ಲೇ ಹಾಕಬಹುದು. ಆ ಅರ್ಜಿಗೆ ಮೂರು ದಿನದೊಳಗೆ ಮೊದಲ ತಾರೀಖು ಕೊಡುವುದು ವಾಡಿಕೆಯಾಗಬೇಕು, 60 ದಿನದೊಳಗೆ ತೀರ್ಮಾನಕ್ಕೆ ಪ್ರಯತ್ನಿಸಬೇಕು ಎಂದು ಕಾಯ್ದೆ ಹೇಳಿದೆ. ಹೊಡೆದದ್ದು ಅತ್ತೆ, ನಾದಿನಿ ಆದರೂ ಅವರ ಮೇಲೆ ಅರ್ಜಿ ನಡೆಯುತ್ತದೆ ಎಂಬುದನ್ನು ಸುಪ್ರೀಂ ಕೋರ್ಟು 2016ರಲ್ಲಿ ಖಚಿತ ಮಾಡಿದೆ. ಇಷ್ಟು ಮಾತನ್ನು ಒಬ್ಬ ಪೇದೆ ಐದು ನಿಮಿಷದಲ್ಲಿ ಹೇಳಬಹುದು. ಆ ಐದು ನಿಮಿಷ ಸಿಗದೆ ಎಷ್ಟು ಮಂದಿ ವಾಪಸ್ಸು ಅದೇ ಮನೆಗೆ ಹೋಗಿದ್ದಾರೆ!

ರಾಜಿ ಪಂಚಾಯ್ತಿಯ ಬಗ್ಗೆಯೂ ಒಂದು ಮಾತು. ಗಂಡನಿಂದ ಮುಚ್ಚಳಿಕೆ ಬರೆಸಿಕೊಂಡು ಹೆಂಡತಿಯನ್ನು ಅವನ ಹಿಂದೆ ಕಳಿಸಿಬಿಡುವುದು ನಮ್ಮಲ್ಲಿ ದೊಡ್ಡ ಪುಣ್ಯದ ಕೆಲಸ ಎನಿಸಿಕೊಂಡಿದೆ. ಆ ಮುಚ್ಚಳಿಕೆಯನ್ನು ಗಂಡ ಮುರಿದರೆ ಏನು ಶಿಕ್ಷೆ? ಅದು ಬರೀ ಕಾಗದ. ಅದೇ ಮ್ಯಾಜಿಸ್ಟ್ರೇಟರು ಕೊಟ್ಟ ರಕ್ಷಣೆಯ ಆದೇಶವನ್ನು ಮುರಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೆ 20,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಹೊಂದಿಕೊಂಡು ಬಾಳಬೇಕು ಎಂದು ಆಕೆಗೇ ಮನಸ್ಸಿದ್ದರೆ ಬಾಳಲಿ, ಬೇಡ ಎನ್ನುವವರು ನಾವಲ್ಲ. ಆದರೆ ಕೈಯಲ್ಲಿ ಕೋರ್ಟಿನ ಆದೇಶ ಇಟ್ಟುಕೊಂಡು ಬಾಳುವುದು ಬೇರೆ, ಬರೀ ಕಾಗದ ಇಟ್ಟುಕೊಂಡು ಬಾಳುವುದು ಬೇರೆ.

ಸುಟ್ಟಗಾಯದ ವಾರ್ಡಿನ ಬಾಗಿಲಲ್ಲಿ

ಇದಕ್ಕಿಂತ ಕಠಿಣವಾದ ಜಾಗವೊಂದಿದೆ. ಮೈಯೆಲ್ಲ ಸುಟ್ಟ ಹೆಣ್ಣುಮಗಳನ್ನು ಆಸ್ಪತ್ರೆಗೆ ತಂದಿದ್ದಾರೆ. ಸುತ್ತ ಗಂಡನ ಮನೆಯವರು ನಿಂತಿದ್ದಾರೆ. "ಸ್ಟೋವ್ ಸಿಡೀತು ಅಂತ ಹೇಳು, ನಿನ್ನ ಮಕ್ಕಳನ್ನ ನಾವೇ ನೋಡ್ಕೊಬೇಕು" ಎಂದು ಕಿವಿಯಲ್ಲಿ ಹೇಳುತ್ತಿದ್ದಾರೆ. ರಾತ್ರಿ ಎಲ್ಲರೂ ಚಹಾ ಕುಡಿಯಲು ಹೊರಗೆ ಹೋದಾಗ ಆ ಹೆಣ್ಣು ವಾರ್ಡಿನ ಆಯಾಳ ಹತ್ತಿರವೋ, ಬಾಗಿಲಲ್ಲಿ ನಿಂತ ಸೆಕ್ಯೂರಿಟಿಯವಳ ಹತ್ತಿರವೋ ನಿಜ ಹೇಳುತ್ತಾಳೆ. ಬೆಳಗಾಗುವುದರೊಳಗೆ ಪ್ರಾಣ ಹೋಗುತ್ತದೆ.

ಆ ಮಾತು ಎಲ್ಲಿ ಹೋಯಿತು? ಆಯಾ ಹೆದರಿ ಸುಮ್ಮನಾಗುತ್ತಾಳೆ. "ದೊಡ್ಡವರಿಗೆ ಹೇಳೋಕೆ ನಾನ್ಯಾರು" ಎಂದುಕೊಳ್ಳುತ್ತಾಳೆ. ಆದರೆ ಕಾನೂನು ಹೀಗೆ ಹೇಳುವುದಿಲ್ಲ. ಸಾಯುವವರು ತಮ್ಮ ಸಾವಿನ ಕಾರಣದ ಬಗ್ಗೆ ಆಡಿದ ಮಾತು ಸಾಕ್ಷ್ಯ. ಹಿಂದೆ ಸಾಕ್ಷ್ಯ ಕಾಯ್ದೆಯ 32ನೇ ಕಲಮಿನಲ್ಲಿ ಇತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 26ನೇ ಕಲಮಿನಲ್ಲಿದೆ. ಆ ಮಾತನ್ನು ಮ್ಯಾಜಿಸ್ಟ್ರೇಟರೇ ಬರೆದುಕೊಳ್ಳಬೇಕೆಂಬ ಕಡ್ಡಾಯ ಇಲ್ಲ, ಇಂಥದೇ ನಮೂನೆ ಎಂಬುದೂ ಇಲ್ಲ ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ 2002ರಲ್ಲಿ ಲಕ್ಷ್ಮಣ್ ಪ್ರಕರಣದಲ್ಲಿ ಹೇಳಿದೆ. ಅದನ್ನು ಎಷ್ಟು ನಂಬಬೇಕು ಎಂದು ತೂಗಿ ನೋಡುವುದು ಕೋರ್ಟಿನ ಕೆಲಸ. ಕೇಳಿದ್ದನ್ನು ಕೇಳಿದ ಹಾಗೇ, ಒಂದಕ್ಷರ ಸೇರಿಸದೆ ಹೇಳುವುದು ಕೇಳಿದವಳ ಕೆಲಸ. ಮ್ಯಾಜಿಸ್ಟ್ರೇಟರನ್ನು ಕೂಡಲೇ ಕರೆಸಿ ಎಂದು ಡಾಕ್ಟರಿಗೆ, ಪೊಲೀಸರಿಗೆ ಎಚ್ಚರ ಕೊಡುವುದೂ ಅವಳ ಕೈಯಲ್ಲಿದೆ. ಕೆಲಸ ಮಾಡುವ ಕಡೆ ಸಂಬಳಕ್ಕಾಗಿ ತಲೆ ತಗ್ಗಿಸಿ ನಿಂತ ಆ ಅಕ್ಕನಿಗೆ ತಾನು ಎಂಥ ಜಾಗದಲ್ಲಿ ನಿಂತಿದ್ದೇನೆ ಎಂಬುದು ಗೊತ್ತಿದ್ದರೆ, ಒಂದು ಸಾವು ಸ್ಟೋವಿನ ಲೆಕ್ಕಕ್ಕೆ ಹೋಗುವುದು ತಪ್ಪುತ್ತದೆ.

ಮದುವೆಯಾದ ಏಳು ವರ್ಷದೊಳಗೆ ಹೆಣ್ಣುಮಗಳು ಅಸಹಜವಾಗಿ ಸತ್ತು, ಸಾವಿಗೆ ಸ್ವಲ್ಪ ಮುಂಚೆ ವರದಕ್ಷಿಣೆಗಾಗಿ ಹಿಂಸೆ ನಡೆದಿತ್ತು ಎಂದು ತೋರಿಸಿದರೆ ಅದು ವರದಕ್ಷಿಣೆ ಸಾವು. 1986ರಲ್ಲಿ 304ಬಿ ಎಂದು ಬಂದದ್ದು ಈಗ ನ್ಯಾಯ ಸಂಹಿತೆಯ 80ನೇ ಕಲಂ. ಶಿಕ್ಷೆ ಕನಿಷ್ಠ ಏಳು ವರ್ಷ, ಜೀವಾವಧಿಯವರೆಗೂ ಹೋಗಬಹುದು. ಈ ಕಲಂ ಬರಲು ದೇಶದ ಹೆಂಗಸರು ಬೀದಿಯಲ್ಲಿ ಕೂಗಬೇಕಾಯಿತು. ಬಂದ ಮೇಲೂ ಸಾಕ್ಷಿ ಇಲ್ಲದೆ ಕೇಸು ಬಿದ್ದುಹೋದರೆ ಆ ಕೂಗಿಗೆ ಏನು ಬೆಲೆ?

ಎದುರು ಮಾತಿಗೆ ಉತ್ತರ

"ಪೇದೆಗಳಿಗೆ, ಗಾರ್ಡುಗಳಿಗೆ ಕಾನೂನು ಕಲಿಸಿದರೆ ಸುಳ್ಳು ಕೇಸು ಹೆಚ್ಚಾಗುತ್ತವೆ" ಎನ್ನುವವರಿದ್ದಾರೆ. 498ಎ ದುರುಪಯೋಗದ ಮಾತನ್ನು ಸುಪ್ರೀಂ ಕೋರ್ಟೇ ಆಡಿದೆ. 2014ರ ಅರ್ನೇಶ್ ಕುಮಾರ್ ತೀರ್ಪಿನಲ್ಲಿ ಕಾರಣ ಬರೆಯದೆ ಬಂಧಿಸಬೇಡಿ ಎಂದಿತು. 2024ರ ಡಿಸೆಂಬರಿನಲ್ಲಿ ಮತ್ತೊಮ್ಮೆ ಎಚ್ಚರಿಕೆ ಹೇಳಿತು. ಈ ಮಾತನ್ನು ಕೇಳಿ ಕಿವಿ ಮುಚ್ಚಿಕೊಳ್ಳಬೇಕಾಗಿಲ್ಲ. ಗಂಡನ ಮನೆಯ ಎಲ್ಲರ ಹೆಸರನ್ನೂ, ದೂರದ ಊರಿನಲ್ಲಿರುವ ನಾದಿನಿಯ ಗಂಡನ ಹೆಸರನ್ನೂ ದೂರಿನಲ್ಲಿ ತುಂಬಿಸುವವರು ಯಾರು? ಹೆಚ್ಚಿನ ಸಲ ಅರ್ಧಂಬರ್ಧ ತಿಳಿದ ಅರ್ಜಿ ಬರಹಗಾರರು, ಪುಢಾರಿಗಳು. ಇದರಿಂದ ಕೊನೆಗೆ ಕೇಸು ಬಲಗುಂದಿ ನೊಂದವಳೇ ಸೋಲುತ್ತಾಳೆ. ಯಾರು ಏನು ಮಾಡಿದರು, ಯಾವ ದಿನ, ಯಾರು ನೋಡಿದರು ಎಂದು ಬಿಡಿಸಿ ಬರೆಯಲು ಗೊತ್ತಿರುವವಳು ಪಕ್ಕದಲ್ಲಿದ್ದರೆ ಸುಳ್ಳಿಗೂ ಜಾಗ ಇರುವುದಿಲ್ಲ, ನಿಜವೂ ಬೀಳುವುದಿಲ್ಲ. ಕಾನೂನಿನ ಓದಿನಿಂದ ದುರುಪಯೋಗ ಕಡಿಮೆ ಆಗುತ್ತದೆಯೇ ಹೊರತು ಹೆಚ್ಚಾಗುವುದಿಲ್ಲ.

"ಇವಳು ಓದಿ ದೊಡ್ಡ ಮನುಷ್ಯಳಾದರೆ ನಮ್ಮನ್ನು ಮರೆಯುತ್ತಾಳೆ" ಎಂಬ ಇನ್ನೊಂದು ಮಾತು ನಮ್ಮ ಸಂಘಗಳ ಒಳಗೇ ಇದೆ. ಇದನ್ನು ಸುಮ್ಮನೆ ತಳ್ಳಿಹಾಕಲಾಗದು. ಅದಕ್ಕೇ ಓದು ಮಾತ್ರ ಸಾಲದು, ಕಲಿಸುವುದೂ ಬೇಕು ಎನ್ನುತ್ತಿದ್ದೇವೆ. ವಾರಕ್ಕೊಮ್ಮೆ ಸಂಘದ ಸಭೆಯಲ್ಲಿ ಕೂತು ಪಾಠ ಹೇಳುವವಳು, ಅಲ್ಲಿಯ ಪ್ರಶ್ನೆಗಳಿಗೆ ಉತ್ತರಿಸಬೇಕಾದವಳು ಅಷ್ಟು ಸುಲಭವಾಗಿ ನಮ್ಮನ್ನು ಮರೆಯಲಾರಳು.

ಓದುವ ದಾರಿ

ಪದವಿ ಮುಗಿಸಿದವರು ಮೂರು ವರ್ಷದ ಎಲ್‌ಎಲ್‌ಬಿ ಓದಬಹುದು. ಪಿಯುಸಿ ಮುಗಿಸಿದ ಹೆಣ್ಣುಮಕ್ಕಳಿಗೆ ಐದು ವರ್ಷದ ಕೋರ್ಸಿದೆ. ನಮ್ಮ ಕಾನೂನು ಕಾಲೇಜುಗಳು 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ ಬರುತ್ತವೆ. ಒಂದು ಎಚ್ಚರಿಕೆ: ಮನೆಯಲ್ಲೇ ಕೂತು ಅಂಚೆಯಲ್ಲಿ ಎಲ್‌ಎಲ್‌ಬಿ ಮಾಡಿಸುತ್ತೇವೆ ಎಂದು ಬರುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ದೂರಶಿಕ್ಷಣದ ಕಾನೂನು ಪದವಿಯನ್ನು ಹಿಡಿದುಕೊಂಡು ವಕೀಲರಾಗಲು ಭಾರತೀಯ ವಕೀಲರ ಪರಿಷತ್ತು ಬಿಡುವುದಿಲ್ಲ. ಪೊಲೀಸ್ ನೌಕರಿಯಲ್ಲಿ ಇರುವವರು ಓದಲು ಇಲಾಖೆಯ ಅನುಮತಿ ಪಡೆಯಬೇಕು, ನೌಕರಿಯಲ್ಲಿ ಇರುವತನಕ ವಕೀಲಿ ಮಾಡುವಂತಿಲ್ಲ. ಆದರೆ ಓದಿದ ಕಾನೂನನ್ನು ಠಾಣೆಯ ಮೇಜಿನ ಮೇಲೆ ಬಳಸಬಾರದು ಎಂದು ಯಾರೂ ಹೇಳಿಲ್ಲ. ಕಾಲೇಜಿನಲ್ಲಿ ಪಾಠ ಹೇಳಬೇಕೆಂದರೆ ಎಲ್‌ಎಲ್‌ಎಂ ಮಾಡಿ, ಜೊತೆಗೆ ನೆಟ್ ಅಥವಾ ಕೆ-ಸೆಟ್ ಪರೀಕ್ಷೆ ಪಾಸು ಮಾಡಬೇಕು, ಇಲ್ಲವೆ ಪಿಎಚ್‌ಡಿ ಮಾಡಬೇಕು.

ಅಷ್ಟು ಓದಲು ಆಗದವರಿಗೂ ದಾರಿ ಇದೆ. ಕಾನೂನು ಸೇವಾ ಪ್ರಾಧಿಕಾರದವರು ಅರೆ ಕಾನೂನು ಸ್ವಯಂಸೇವಕರನ್ನು ಆರಿಸಿ ತರಬೇತಿ ಕೊಡುತ್ತಾರೆ. ಇದಕ್ಕೆ ವಕೀಲರೇ ಆಗಬೇಕಾಗಿಲ್ಲ. ಅಂಗನವಾಡಿಯವರು, ಸಂಘದವರು, ಶಿಕ್ಷಕಿಯರು ಆಗಬಹುದು. ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಆದಾಯ ಎಷ್ಟೇ ಇರಲಿ, ಪ್ರತಿ ಹೆಣ್ಣಿಗೂ ಪುಕ್ಕಟೆ ವಕೀಲರ ನೆರವು ಪಡೆಯುವ ಹಕ್ಕಿದೆ. ಈ ಒಂದು ಮಾತನ್ನು ತಾಂಡಾ ತಾಂಡಾಕ್ಕೆ, ಕೇರಿ ಕೇರಿಗೆ ಮುಟ್ಟಿಸಿದರೂ ಅದು ಕಾನೂನು ಪಾಠವೇ.

ನಾವು ಮಾಡಬೇಕಾದ್ದು

ಮೊದಲು ನಮ್ಮ ಜಿಲ್ಲೆಯ ಗೊಂದಲ ಬಗೆಹರಿಯಲಿ. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು. ಹೊಸಪೇಟೆ ಅದರ ಕೇಂದ್ರ, ಹಂಪಿ ಅದರೊಳಗೆ ಸೇರಿದೆ. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹೊಸಪೇಟೆ ಹತ್ತಿರ ಎಂದು ಕಂಪ್ಲಿಯವರು ಅಲ್ಲಿನ ಜಿಲ್ಲಾ ಕಚೇರಿಗೆ ಹೋದರೆ ಬಳ್ಳಾರಿಗೆ ಹೋಗಿ ಎನ್ನಿಸಿಕೊಳ್ಳಬೇಕಾಗುತ್ತದೆ. ಯಾವ ತಾಲ್ಲೂಕಿನವರು ಯಾವ ಸಂರಕ್ಷಣಾಧಿಕಾರಿಯನ್ನು ಕಾಣಬೇಕು, ಅವರ ಕಚೇರಿ ಎಲ್ಲಿದೆ ಎಂದು ದೊಡ್ಡ ಅಕ್ಷರದಲ್ಲಿ ಪ್ರತಿ ಠಾಣೆ, ಆಸ್ಪತ್ರೆ, ಬಸ್ ನಿಲ್ದಾಣದಲ್ಲಿ ಬರೆಸಿ ಎಂದು ಸಂಘಗಳು ಅರ್ಜಿ ಕೊಡಲಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಕಾನೂನು ನೆರವಿಗೆ 15100. ಈ ಸಂಖ್ಯೆಗಳೂ ಅಲ್ಲೇ ಇರಲಿ.

ಎರಡನೆಯದು, ನಮ್ಮ ಸಂಘಗಳಲ್ಲಿ ಸೆಕ್ಯೂರಿಟಿ, ಹೋಮ್‌ಗಾರ್ಡ್, ಆಯಾ, ಪೊಲೀಸ್ ಕೆಲಸದಲ್ಲಿರುವ ಅಕ್ಕತಂಗಿಯರ ಪಟ್ಟಿ ಮಾಡೋಣ. ಅವರನ್ನೇ ಮೊದಲು ಅರೆ ಕಾನೂನು ಸ್ವಯಂಸೇವಕರ ತರಬೇತಿಗೆ ಕಳಿಸೋಣ. ಪಾಳಿ ಕೆಲಸದವರಿಗೆ ಬಿಡುವಿನ ದಿನ ನೋಡಿ ತರಬೇತಿ ಇಡಿ ಎಂದು ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳೋಣ. ಹಂಪಿ ಕನ್ನಡ ವಿಶ್ವವಿದ್ಯಾಲಯದಲ್ಲಿ ಮಹಿಳಾ ಅಧ್ಯಯನ ವಿಭಾಗ ಇದೆ. ಅಲ್ಲಿ ಓದುವ ಹೆಣ್ಣುಮಕ್ಕಳು ನಮ್ಮ ಸಭೆಗಳಿಗೆ ಬರಲಿ, ನಾವೂ ಅಲ್ಲಿಗೆ ಹೋಗೋಣ. ಪುಸ್ತಕ ಓದಿದವರಿಗೆ ಬಾಗಿಲಲ್ಲಿ ನಿಂತವಳ ಅನುಭವ ಬೇಕು, ಬಾಗಿಲಲ್ಲಿ ನಿಂತವಳಿಗೆ ಪುಸ್ತಕ ಬೇಕು.

ಮೂರನೆಯದು ಕಹಿ ಮಾತು. ಸಂಘದಿಂದ ನಾವು ಎತ್ತುವ ಸಾಲದಲ್ಲಿ ಎಷ್ಟು ಮಗಳ ಮದುವೆಗೆ ಹೋಗುತ್ತದೆ? ಅದರಲ್ಲಿ ಎಷ್ಟು ವರನ ಕಡೆಯವರ ಕೈ ಸೇರುತ್ತದೆ? ಪುಸ್ತಕದಲ್ಲಿ ದನ ಕೊಳ್ಳಲು, ಹೊಲಿಗೆ ಯಂತ್ರ ಕೊಳ್ಳಲು ಎಂದು ಬರೆಸಿ, ದುಡ್ಡು ಬೀಗರ ಮನೆಗೆ ಹೋದದ್ದು ನಮಗೆ ನಿಮಗೆ ಗೊತ್ತಿಲ್ಲದ್ದೇನಲ್ಲ. ವರದಕ್ಷಿಣೆ ತೆಗೆದುಕೊಳ್ಳುವುದೂ ಕೊಡುವುದೂ 1961ರಿಂದ ಅಪರಾಧ. ನೊಂದವರು ದೂರು ಹೇಳಿದರೆ ಆ ಹೇಳಿಕೆಯಿಂದಲೇ ಅವರ ಮೇಲೆ ಕೇಸು ಮಾಡುವಂತಿಲ್ಲ ಎಂಬ ರಕ್ಷಣೆ ಕಾಯ್ದೆಯಲ್ಲಿದೆ, ಆದ್ದರಿಂದ ಕೊಟ್ಟವರು ದೂರು ಕೊಡಲು ಹೆದರಬೇಕಾಗಿಲ್ಲ. ಆದರೆ ವಾರ ವಾರ ಕೂಡಿಟ್ಟ ನಮ್ಮ ಬೆವರಿನ ದುಡ್ಡು ನಮ್ಮ ಮಗಳನ್ನೇ ಸುಡುವ ಬೆಂಕಿಗೆ ಎಣ್ಣೆ ಆಗಬಾರದು. ವರದಕ್ಷಿಣೆಗೆ ಸಾಲ ಇಲ್ಲ ಎಂದು ಪ್ರತಿ ಸಂಘವೂ ಠರಾವು ಬರೆಯಲಿ. ಅದರ ಕೆಳಗೇ ಇನ್ನೊಂದು ಠರಾವು ಬರೆಯಲಿ: ಸಂಘದ ಯಾವ ಸದಸ್ಯೆ, ಯಾವ ಸದಸ್ಯೆಯ ಮಗಳು ಕಾನೂನು ಓದುತ್ತಾಳೋ ಅವಳ ಫೀಜಿಗೆ ಸಾಲ ಮೊದಲು.

ಅಕ್ಕಂದಿರೇ, ಕಾವಲು ಎಂದರೆ ನಾವು ಇಷ್ಟು ದಿನ ಆಸ್ತಿ ಕಾಯುವುದು ಎಂದುಕೊಂಡಿದ್ದೆವು. ಬ್ಯಾಂಕಿನ ತಿಜೋರಿ, ಗಣಿಯ ಅದಿರು, ಹಂಪಿಯ ಕಲ್ಲು, ಎಲ್ಲಕ್ಕೂ ಕಾವಲು ಇದೆ. ಹೆಣ್ಣಿನ ಜೀವಕ್ಕೆ ಮಾತ್ರ ಕಾವಲಿಲ್ಲ. ಅದನ್ನು ಕಾಯಲು ಲಾಠಿ ಒಂದೇ ಸಾಲದು, ಕಾನೂನಿನ ಅರಿವು ಬೇಕು. ಆ ಅರಿವು ಒಬ್ಬಿಬ್ಬರ ಕಪಾಟಿನಲ್ಲಿ ಇದ್ದರೂ ಸಾಲದು, ಹಂಚಿದರೇ ಹೆಚ್ಚುವುದು. ಮುಂದಿನ ವಾರದ ಸಭೆಯಲ್ಲಿ ಹಣದ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಉಳಿಸಿಕೊಳ್ಳಿ. 5ನೇ ಕಲಮಿನ ಐದು ಮಾತುಗಳನ್ನು ಒಬ್ಬರು ಓದಲಿ, ಉಳಿದವರು ಹೇಳಲಿ. ಹೇಳಿಕೊಟ್ಟವಳು ಆಸ್ಪತ್ರೆಯ ಬಾಗಿಲು ಕಾಯುವ ಅಕ್ಕನೇ ಆಗಿದ್ದರೆ ಇನ್ನೂ ಒಳ್ಳೆಯದು.